ತಪ್ಪು ಬ್ರೌಸರ್‌ದಲ್ಲ ಸ್ವಾಮೀ!

ರೋಣ, ನರಗುಂದ, ಗಜೇಂದ್ರಗಡ ಕಡೆಯ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ ಅಂದರೆ ಅವನಿಗೆ ಈ ಫೋನ್ ಬಂದೇ ಬಂದಿರುತ್ತದೆ. "ತಮ್ಮಾ, ಕ್ಯಾಮೆರಾದಾಗ ಏನೂ ಕಾಣವಲ್ತು. ಪ್ಲಗಿನ್ ಹಾಕು ಅಂತ ಬರಾಕತ್ತದ. ನೀ ಕಂಪ್ಯೂಟರ್ ಇಂಜಿನಿಯರ್ ಅದಿ, ಸ್ವಲ್ಪ ನೋಡಪಾ." ನೋಡಿ ನೋಡಿ ನನಗೆ ಸಿಟ್ಟು ಬಂದಿದೆ. ಫೋನ್ ಮಾಡಿದವರ ಮೇಲಲ್ಲ, ಕ್ಯಾಮೆರಾ ಮಾರಿದವರ ಮೇಲೆ!

ಮಕ್ಕಳೆಲ್ಲ ಬೆಂಗಳೂರು, ಪುಣೆ ಸೇರಿರುತ್ತಾರೆ. ಊರಿನ ಮನೆಯಲ್ಲಿ ವಯಸ್ಸಾದ ಅಪ್ಪ-ಅವ್ವ ಇಬ್ಬರೇ. ಅದಕ್ಕೇ ಬಾಗಿಲಿಗೊಂದು, ಹಿತ್ತಲಿಗೊಂದು ಕ್ಯಾಮೆರಾ ಹಾಕಿಸಿರುತ್ತೇವೆ. ಕ್ಯಾಮೆರಾ ಸರಿ ಇದೆ, ಡಿವಿಆರ್ ಸರಿ ಇದೆ, ಹಾರ್ಡ್‌ಡಿಸ್ಕ್ ತಿರುಗುತ್ತಿದೆ. ಆದರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕರಿ ಚೌಕ. ಅಂಗಡಿಯವನದು ಒಂದೇ ಉತ್ತರ: "ಕ್ರೋಮ್ ಬರಂಗಿಲ್ರಿ, ಹಳೇ ಬ್ರೌಸರ್ ಹಾಕ್ಕೋರಿ."

ಇದು ಸುಳ್ಳು ಉತ್ತರ. ಯಾಕೆ ಅಂತ ಹೇಳುತ್ತೇನೆ ಕೇಳಿ.

ಕ್ಯಾಮೆರಾ ವಿಡಿಯೋ ಕಳಿಸುವುದು ಸಾಮಾನ್ಯವಾಗಿ ಆರ್‌ಟಿಎಸ್‌ಪಿ ಎಂಬ ಭಾಷೆಯಲ್ಲಿ, ಅದು 1998ರಲ್ಲಿ ರೂಪುಗೊಂಡದ್ದು. ಬ್ರೌಸರಿಗೆ ಆ ಭಾಷೆ ಬರುವುದಿಲ್ಲ. ಹಾಗಾಗಿ ಕಂಪನಿಗಳು ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದವು. ಅದೇ ಪ್ಲಗಿನ್. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆಕ್ಟಿವ್‌ಎಕ್ಸ್, ಉಳಿದವುಗಳಲ್ಲಿ ನೆಟ್‌ಸ್ಕೇಪ್ ಕಾಲದ ಎನ್‌ಪಿಎಪಿಐ. ತೊಂದರೆ ಏನೆಂದರೆ ಈ ದುಭಾಷಿಗೆ ಇಡೀ ಕಂಪ್ಯೂಟರಿನ ಬೀಗದ ಕೈ ಕೊಡಬೇಕಿತ್ತು. ಅವನಲ್ಲಿ ಒಂದು ತೂತು ಇದ್ದರೆ ಸಾಕು, ಕಳ್ಳ ನೇರ ಒಳಗೆ.

ಅದಕ್ಕೇ ಬ್ರೌಸರಿನವರು ಇದನ್ನು ಕೈಬಿಟ್ಟರು. ಹೇಳದೆ ಕೇಳದೆ ಅಲ್ಲ! ಗೂಗಲ್ ಮುನ್ಸೂಚನೆ ಕೊಟ್ಟದ್ದು 2013ರ ಸೆಪ್ಟೆಂಬರಿನಲ್ಲಿ, ಕ್ರೋಮ್ 45ರಿಂದ ಪೂರ್ತಿ ತೆಗೆದದ್ದು 2015ರ ಸೆಪ್ಟೆಂಬರಿನಲ್ಲಿ. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲಾಶ್ ಒಂದನ್ನುಳಿದು ಎಲ್ಲಕ್ಕೂ ಬಾಗಿಲು ಹಾಕಿತು. ಫ್ಲಾಶ್ 2020ರ ಕೊನೆಗೆ ಹೋಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು. ಪ್ಲಗಿನ್ ಇಲ್ಲದೆ ವಿಡಿಯೋ ತೋರಿಸುವ ಎಚ್‌ಟಿಎಂಎಲ್5 ಮಾನದಂಡ 2014ರಲ್ಲೇ ಅಂತಿಮವಾಗಿತ್ತು. ಇಷ್ಟು ವರ್ಷದಲ್ಲಿ ಒಂದು ಫರ್ಮ್‌ವೇರ್ ಅಪ್‌ಡೇಟ್ ಕೊಡಲು ಆಗಲಿಲ್ಲವೇ? ಹೊಸ ಮಾಡೆಲ್ ಮಾರಲು ಮಾತ್ರ ಪುರುಸೊತ್ತು ಇತ್ತು!

"ಬ್ರೌಸರಿನವರು ಹಳೆಯದನ್ನೂ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು" ಅಂತ ಗೆಳೆಯನೊಬ್ಬ ವಾದ ಮಾಡಿದ. ಎಡ್ಜ್‌ನಲ್ಲಿ ಹಳೆಯ ಸೈಟುಗಳಿಗಾಗಿ ಐಇ ಮೋಡ್ ಉಳಿಸಿಕೊಂಡರಲ್ಲ, ಅದನ್ನೇ ನೋಡಿ. 2025ರಲ್ಲಿ ಹ್ಯಾಕರ್‌ಗಳು ಜನರನ್ನು ಮರುಳು ಮಾಡಿ ಐಇ ಮೋಡ್ ತೆರೆಸಿ ಕಂಪ್ಯೂಟರಿಗೆ ನುಗ್ಗಿದರು. ಮೈಕ್ರೋಸಾಫ್ಟ್ ಅದರ ಸುಲಭದ ಬಟನ್ನುಗಳನ್ನೇ ತೆಗೆದುಹಾಕಬೇಕಾಯಿತು.

ಈಗ ನಮ್ಮ ಕಡೆ ಸಿಗುವ ಉಪದೇಶ ನೋಡಿ. ಆಂಟಿವೈರಸ್ ಬಂದ್ ಮಾಡಿ. ಆಕ್ಟಿವ್‌ಎಕ್ಸ್‌ನಲ್ಲಿರುವ ಎಲ್ಲದಕ್ಕೂ ಎನೇಬಲ್ ಒತ್ತಿ. ಯಾವುದೋ ಸೈಟಿನಿಂದ ಹಳೇ ಬ್ರೌಸರ್ ಇಳಿಸಿಕೊಳ್ಳಿ. ರೂಟರ್‌ನಲ್ಲಿ ಪೋರ್ಟ್ ತೆರೆದಿಡಿ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ, ಪಹಣಿ ಎಲ್ಲ ನಡೆಯುತ್ತಿರುತ್ತದೆ! ಹಿತ್ತಲಿನ ಕಳ್ಳನನ್ನು ನೋಡಲು ತಲೆಬಾಗಿಲು ತೆರೆದಿಟ್ಟ ಹಾಗೆ. 2016ರ ಮಿರಾಯ್ ವೈರಸ್ ನೆನಪಿದೆಯೇ? ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡು, ಆ ಅಕ್ಟೋಬರಿನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟುಗಳನ್ನೇ ಮಲಗಿಸಿತ್ತು.

ಹಾಗಾದರೆ ಈಗ ಏನು ಮಾಡಬೇಕು? ಮೊದಲು ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್‌ಗೆ ಹೊಸ ಫರ್ಮ್‌ವೇರ್ ಇದೆಯೇ ನೋಡಿ. ಇಲ್ಲದಿದ್ದರೆ ಬ್ರೌಸರ್ ಬಿಟ್ಟುಬಿಡಿ. ಮನೆಯ ನೆಟ್‌ವರ್ಕ್‌ನಲ್ಲೇ ನೋಡುವುದಾದರೆ ವಿಎಲ್‌ಸಿ ಪ್ಲೇಯರ್ ಸಾಕು. ಅದರ ಮೀಡಿಯಾ ಮೆನುವಿನಲ್ಲಿ ಓಪನ್ ನೆಟ್‌ವರ್ಕ್ ಸ್ಟ್ರೀಮ್ ಒತ್ತಿ, ಮ್ಯಾನ್ಯುಯಲ್‌ನಲ್ಲಿರುವ ಆರ್‌ಟಿಎಸ್‌ಪಿ ವಿಳಾಸ ಹಾಕಿ. ದೂರದಿಂದ ನೋಡಬೇಕೆಂದರೆ ಕಂಪನಿಯ ಮೊಬೈಲ್ ಆಪ್ ಅಥವಾ ವಿಪಿಎನ್ ಬಳಸಿ, ಪೋರ್ಟ್ ಮಾತ್ರ ತೆರೆಯಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಎಡ್ಜ್ ಸೆಟ್ಟಿಂಗ್ಸ್‌ನ ಡಿಫಾಲ್ಟ್ ಬ್ರೌಸರ್ ಪುಟದಲ್ಲಿ ಐಇ ಮೋಡ್‌ಗೆ ಅನುಮತಿ ಕೊಟ್ಟು ಡಿವಿಆರ್ ವಿಳಾಸ ಒಂದನ್ನೇ ಸೇರಿಸಿ. 30 ದಿನಕ್ಕೆ ಅವಧಿ ಮುಗಿದಾಗ ಮತ್ತೆ ಸೇರಿಸಬೇಕು. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಮಾತ್ರ ಇದು ಬೇಡವೇ ಬೇಡ.

ಆದರೆ ಇದೆಲ್ಲ ತೇಪೆ ಕೆಲಸ. ಕೊಳ್ಳುವಾಗಲೇ ಕೇಳಬೇಕು. ಪ್ಲಗಿನ್ ಇಲ್ಲದೆ ಬ್ರೌಸರಿನಲ್ಲಿ ಕಾಣುತ್ತದೆಯೇ? ಅಂಗಡಿಯಲ್ಲೇ ತೆರೆದು ತೋರಿಸಿ ಅನ್ನಿ. ಬೇರೆ ಬೇರೆ ಕಂಪನಿಯ ಕ್ಯಾಮೆರಾ, ರೆಕಾರ್ಡರ್ ಹೊಂದಿಕೊಳ್ಳಲಿ ಎಂದೇ 2008ರಲ್ಲಿ ಶುರುವಾದ ಓನ್‌ವಿಫ್ ಮಾನದಂಡ ಇದರಲ್ಲಿದೆಯೇ? ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ? ಬಿಲ್ ಮೇಲೆ ಬರೆಸಿಕೊಳ್ಳಿ. 2024ರ ಕೇಂದ್ರದ ಆದೇಶದಂತೆ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ನಿಮ್ಮ ಗೋಡೆಗೆ ಆಗಲೇ ನೇತಾಡುತ್ತಿರುವ ಡಬ್ಬಿಗೆ ಅದರಿಂದ ಜೀವ ಬರುವುದಿಲ್ಲ.

ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಬಾರದಿದ್ದರೂ ಕರ ಕಟ್ಟಿ ಅಂದಾಗ 1980ರಲ್ಲಿ ನರಗುಂದದ ರೈತರು ಸುಮ್ಮನಿರಲಿಲ್ಲ. ಕಾಣದ ಕ್ಯಾಮೆರಾಕ್ಕೆ ದುಡ್ಡು ಸುರಿದು ನಾವು ಮಾತ್ರ "ನಮಗ ಕಂಪ್ಯೂಟರ್ ತಿಳಿಯಂಗಿಲ್ಲ ಬಿಡ್ರಿ" ಅಂತ ಸುಮ್ಮನಿದ್ದೇವೆ. ತಿಳಿಯದೆ ಇರುವುದು ತಪ್ಪಲ್ಲ ಸ್ವಾಮೀ. ಐದು ವರ್ಷವೂ ಬಾಳದ ಸಾಫ್ಟ್‌ವೇರನ್ನು ಹತ್ತು ವರ್ಷ ಬಾಳುವ ಡಬ್ಬಿಗೆ ತುಂಬಿ ಮಾರುವುದು ತಪ್ಪು. ನಿಮ್ಮೂರಲ್ಲೂ ಹೀಗೇ ಏನು? ಅಂಗಡಿಯವರು ಏನಂದರು ಬರೆಯಿರಿ.