ಸಂತ್ರಸ್ತರ ನುಡಿ ಮತ್ತು ಕನ್ನಡ ವಿಭಾಗಗಳ ಹೊಣೆ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿ ಪರಿಸರದ ಕನ್ನಡಿಗರನ್ನು ಕುರಿತು ಬರೆಯುವಾಗಲೆಲ್ಲ ಸಂಘಸಂಸ್ಥೆಗಳು, ಯಕ್ಷಗಾನ ಪ್ರದರ್ಶನಗಳು, ಹೋಟೆಲು ಉದ್ಯಮ ಇವುಗಳ ಉಲ್ಲೇಖ ತಪ್ಪದೆ ಬರುತ್ತದೆ. ಅದು ಉಚಿತವೇ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸ ಅರಸಿ ಬಂದು ತಗಡಿನ ಜೋಪಡಿಗಳಲ್ಲಿ ನೆಲೆಸುವ ಕನ್ನಡಿಗರು ಈ ಚಿತ್ರದಲ್ಲಿ ಕಾಣುವುದು ಅಪರೂಪ. ಅವರಲ್ಲೊಬ್ಬ ಹೆಣ್ಣುಮಗಳು ಹಲ್ಲೆಗೋ ಅತ್ಯಾಚಾರಕ್ಕೋ ಗುರಿಯಾಗಿ ಪೊಲೀಸ್ ಠಾಣೆಯ ಮೆಟ್ಟಿಲೇರಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ವಿದ್ವತ್ತು ತನ್ನದೆಂದು ಭಾವಿಸಿಲ್ಲ. ಅದು ವಕೀಲರ ಕೆಲಸ, ಸಮಾಜಸೇವಕರ ಕೆಲಸ ಎಂಬ ಉದಾಸೀನವೇ ಹೆಚ್ಚು. ವಾಸ್ತವವಾಗಿ ಅದು ಮೊತ್ತಮೊದಲಿಗೆ ಭಾಷೆಯ ಪ್ರಶ್ನೆ.

ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡು ದೂರುದಾರರಿಗೆ ಓದಿ ಹೇಳಬೇಕೆಂಬುದು ಕಾನೂನು. ಮರಾಠಿಯಲ್ಲಿ ಬರೆದುದನ್ನು ಮರಾಠಿ ಅರಿಯದವಳಿಗೆ ಓದಿ ಹೇಳಿದರೆ ಕಾನೂನಿನ ಅಕ್ಷರ ಉಳಿದೀತು, ಉದ್ದೇಶ ಉಳಿಯದು. ಆಗ ದುಭಾಷಿಯಾಗಿ ಒದಗುವವನು ಗುತ್ತಿಗೆದಾರನ ಮುಕಾದಮನೋ ಗಂಡನ ಕಡೆಯವನೋ ಆದರಂತೂ, ಆರೋಪಕ್ಕೆ ಒಳಗಾಗಬೇಕಾದವರ ಬಾಯಿಂದಲೇ ದೂರು ಹೊರಡುವ ವಿಪರ್ಯಾಸ ಒದಗುತ್ತದೆ. ಸದುದ್ದೇಶದ ದುಭಾಷಿಯೂ ಎಡವಬಲ್ಲ. 'ನನ್ನ ಮೇಲೆ ಕೈ ಮಾಡಿದ' ಎಂದರೆ ಹೊಡೆದ ಎಂದು ಪ್ರತಿಯೊಬ್ಬ ಕನ್ನಡಿಗನೂ ಬಲ್ಲ. ಅದನ್ನೇ ಪದಕ್ಕೆ ಪದವಿಟ್ಟು 'ಹಾತ್ ಕೇಲಾ' ಎಂದರೆ ಮರಾಠಿಯಲ್ಲಿ ಕೈಬೀಸಿ ಸನ್ನೆ ಮಾಡಿದ ಎಂದಾಗುತ್ತದೆ. ರಿಕ್ಷಾ ನಿಲ್ಲಿಸಲು ಮಾಡುವುದೂ ಅದನ್ನೇ. ಏಟು ಸನ್ನೆಯಾಗಿ ಮಾರ್ಪಟ್ಟ ಆ ಹೇಳಿಕೆಯನ್ನು ಮುಂದೆ ಪಾಟೀಸವಾಲಿನಲ್ಲಿ ಛಿದ್ರಗೊಳಿಸಲು ದೊಡ್ಡ ವಕೀಲನೇನೂ ಬೇಕಿಲ್ಲ. ಉಚಿತ ಕಾನೂನು ನೆರವಾಗಲಿ, ಮಹಾರಾಷ್ಟ್ರ ಸರಕಾರವು 2013ರಲ್ಲಿ ಆರಂಭಿಸಿದ ಮನೋಧೈರ್ಯ ಯೋಜನೆಯ ಪರಿಹಾರವಾಗಲಿ ಬಹುಮಟ್ಟಿಗೆ ನಿಲ್ಲುವುದು ಈ ಮೊದಲ ಬರಹದ ಮೇಲೆಯೇ.

ನೆಲದ ಭಾಷೆಯನ್ನು ಕಲಿಯಬೇಕಾದುದು ವಲಸಿಗರ ಕರ್ತವ್ಯವಲ್ಲವೇ ಎಂದು ಕೇಳುವವರಿದ್ದಾರೆ. ಕರ್ತವ್ಯವೇ ಸರಿ. ಆದರೆ ಪೆಟ್ಟು ತಿಂದ ರಾತ್ರಿ ಭಾಷಾಪಾಠಕ್ಕೆ ಮುಹೂರ್ತವಲ್ಲ.

ಮಕ್ಕಳ ಮಟ್ಟಿಗೆ ಕಾನೂನು ಈ ತೊಡಕನ್ನು ಗುರುತಿಸಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯು ಮಗುವಿನ ಹೇಳಿಕೆ ಪಡೆಯುವಾಗ ಅನುವಾದಕರ ನೆರವಿಗೆ ಅವಕಾಶವಿತ್ತಿದೆ. ಅಂಥವರ ಪಟ್ಟಿಯೊಂದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಇರಿಸಿಕೊಳ್ಳಬೇಕೆಂದು 2020ರ ನಿಯಮಗಳು ವಿಧಿಸುತ್ತವೆ. ಅವು ಕೇಳುವ ಅರ್ಹತೆಯೂ ಗಗನಕುಸುಮವಲ್ಲ: ಮಗುವಿನ ಭಾಷೆಯೊಂದಿಗೆ ರಾಜ್ಯದ ಆಡಳಿತ ಭಾಷೆಯ ಬಳಕೆಯ ಪರಿಚಯ. ಅದು ಮಾತೃಭಾಷೆಯಾಗಿ ಬಂದಿರಬಹುದು, ಶಾಲೆಯ ಮಾಧ್ಯಮವಾಗಿ ಬಂದಿರಬಹುದು, ವಾಸದಿಂದಲೇ ದಕ್ಕಿರಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಬೆಳೆದ ಕನ್ನಡ ಎಂ.ಎ. ವಿದ್ಯಾರ್ಥಿಗಿಂತ ಇದಕ್ಕೆ ತಕ್ಕವರು ಯಾರಿದ್ದಾರೆ? ವಯಸ್ಕ ಸಂತ್ರಸ್ತರಿಗೂ ಇಷ್ಟೇ ಖಚಿತವಾದ ಏರ್ಪಾಡು ಆಗಬೇಕಾಗಿದೆ.

ಮಾಡದ ಕೊಲೆಯ ಆರೋಪ ಹೊತ್ತು ಪರವೂರಾದ ಕಾಶಿಯಲ್ಲಿ ನಿಂತ ರಾಘವಾಂಕನ ಚಂದ್ರಮತಿಯನ್ನು ಕಣ್ಣು ತೇವಗೊಳ್ಳುವಂತೆ ಬೋಧಿಸುವ ವಿಭಾಗಗಳು ಈ ಪಟ್ಟಿಯ ಕಡೆಗೆ ತಿರುಗಿ ನೋಡದಿರುವುದು ಸೋಜಿಗ. ಭಾಷಾಂತರ ಪತ್ರಿಕೆಯಲ್ಲಿ ಕವಿತೆ ಕಥೆಗಳ ಜೊತೆಗೆ ಒಂದು ದೂರು, ಒಂದು ವೈದ್ಯಕೀಯ ವರದಿ, ಒಂದು ಸಾಕ್ಷ್ಯವನ್ನೂ ಅಭ್ಯಾಸಕ್ಕೆ ಇಡಬಹುದು. ಬೀದರಿನಿಂದ ವಿಜಯಪುರದವರೆಗಿನ ಆಡುನುಡಿಯ ಬೈಗುಳ, ಅಂಗಾಂಗ, ನೋವುಗಳ ಪದಗಳನ್ನು ಮರಾಠಿ ಸಮಾನಾರ್ಥಕಗಳೊಡನೆ ಸಂಗ್ರಹಿಸುವುದು ಉಪಭಾಷಾ ಸಂಶೋಧನೆಗೂ ಒಳ್ಳೆಯ ವಿಷಯವೇ. ದುಭಾಷಿಯು ತನ್ನ ಕನಿಕರವನ್ನು ಸಂತ್ರಸ್ತೆಯ ಮಾತಿಗೆ ಬೆರೆಸಬಾರದು, ಆಕೆಯ ಮೌನವನ್ನು ತಾನೇ ತುಂಬಬಾರದು ಎಂಬುದನ್ನೂ ಅಲ್ಲಿಯೇ ಕಲಿಸಬೇಕು. ಹೆಸರು ನೋಂದಾಯಿಸುವಾಗ ಒಂದು ಸಂಗತಿ ನೆನಪಿರಲಿ: ವಾಶಿ, ನೆರೂಲ್ ಥಾಣೆ ಜಿಲ್ಲೆಗೆ ಸೇರಿದರೆ ಖಾರ್‌ಘರ್, ಪನ್ವೇಲ್ ರಾಯಗಡ ಜಿಲ್ಲೆಯವು, ನವಿ ಮುಂಬಯಿ ಪರಿಸರದ ವಿದ್ಯಾರ್ಥಿಗಳು ಎರಡೂ ಜಿಲ್ಲೆಗಳ ಘಟಕಗಳಿಗೆ ಅರ್ಜಿ ಕೊಡುವುದು ಮೇಲು.