ಬಚ್ಚಲ ಒಲೆಗೆ ಪ್ಲಾಸ್ಟಿಕ್ ಬೇಡ



ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಮಳೆಗಾಲ ಬಂತೆಂದರೆ ಬಚ್ಚಲ ಒಲೆ ಹೊತ್ತಿಸುವುದೇ ಕಷ್ಟ. ಮಡಲು, ಸೋಗೆ ಎಲ್ಲ ಒದ್ದೆ. ಆಗ ಕೈಗೆ ಸಿಗುವುದು ಹಾಲಿನ ಪ್ಲಾಸ್ಟಿಕ್ ತೊಟ್ಟೆ. ನಮ್ಮ ಅಮ್ಮನೂ ವರ್ಷಗಟ್ಟಲೆ ಹೀಗೇ ಮಾಡುತ್ತಿದ್ದರು. ಅದರ ಹೊಗೆ ವಿಷ ಎಂದು ನಾನು ಹೇಳಿದರೆ, "ಒಲಿ ಹೊತ್ಸುಕೆ ನೀ ನಂಗ್ ಕಲ್ಸುದಾ?" ಎನ್ನುತ್ತಿದ್ದರು.

ಅವರ ಮನಸ್ಸು ತಿರುಗಿದ್ದು ಬೂದಿಯ ಮಾತಿಗೆ. ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ, ಬಸಳೆ ಚಪ್ಪರಕ್ಕೆ ಹಾಕುತ್ತೇವೆ. ಸುಟ್ಟ ಪ್ಲಾಸ್ಟಿಕ್ಕಿನ ಉಳಿಕೆಯೂ ಅದರೊಂದಿಗೆ ಮಣ್ಣು ಸೇರುತ್ತದೆ. ಬಾವಿಯೂ ಅಲ್ಲೇ ಪಕ್ಕದಲ್ಲಿ. ಬಸಳೆಯ ಮೇಲೆ ಅಮ್ಮನಿಗಿದ್ದ ಪ್ರೀತಿ ನನ್ನ ಮಾತನ್ನು ಗೆಲ್ಲಿಸಿತು. ಈಗ ಬೇಸಿಗೆಯಲ್ಲೇ ಕರಟ, ತೆಂಗಿನ ಸಿಪ್ಪೆ ಒಣಗಿಸಿ ಅಟ್ಟಕ್ಕೇರಿಸುತ್ತಾರೆ. ತೊಟ್ಟೆಗಳನ್ನು ತೊಳೆದು ಪಂಚಾಯಿತಿ ಗಾಡಿಗೆ ಕೊಡುತ್ತಾರೆ.

 ಹಿರಿಯರಿಗೆ ಕಾನೂನು ಹೇಳಿ ಫಲವಿಲ್ಲ. ಬದಲಿಗೆ, ಹೊರಗಿರುವ ಮಕ್ಕಳು ಊರಿಗೆ ಬಂದಾಗ ಕರಟ ಒಣಗಿಸಲು ಕೈಜೋಡಿಸಲಿ. ವಂಡ್ಸೆ ಗ್ರಾಮ ಪಂಚಾಯಿತಿ ಮನೆಮನೆಯ ಕಸ ಸಂಗ್ರಹಿಸಿ, ವಿಂಗಡಿಸಿ ಮಾದರಿಯಾಗಿದೆ. ಉಳಿದ ಪಂಚಾಯಿತಿಗಳೂ ಮಳೆಗಾಲದಲ್ಲಿ ಒಳರಸ್ತೆಯ ಮನೆಗಳ ತನಕ ಗಾಡಿಯನ್ನು ತಪ್ಪದೆ ಕಳಿಸಬೇಕೆಂದು ವಿನಂತಿ.

– ಓರ್ವ ಓದುಗಿ, ಬೈಂದೂರು