ಗೋಡೆಯಲ್ಲಿ ಸೋರುವ ಸಬ್ಸಿಡಿ

ಧಾರವಾಡದ ಚಳಿಗೆ ಅಜ್ಜಿ ಹೊಲಿದ ಒಂದು ಕೌದಿ ಸಾಕಿತ್ತು. ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೇಲೆ ಚಳಿಗೂ ರೀಚಾರ್ಜ್ ಮಾಡಿಸಬೇಕು ಎಂದು ತಿಳಿಯಿತು. ನಾವು ನಾಲ್ವರು ಬಾಡಿಗೆಗಿರುವ ಮನೆಯ ಗ್ಯಾಸ್ ಮೀಟರ್ ಪ್ರೀಪೇಯ್ಡ್. ಅಂಗಡಿಗೆ ಕಾರ್ಡ್ ಒಯ್ದು ಹತ್ತು ಪೌಂಡ್ ಹಾಕಿಸಿದರೆ ರೇಡಿಯೇಟರ್ ಬೆಚ್ಚಗಾಗುತ್ತದೆ. ಹಣ ಮುಗಿದರೆ, ಮೊಬೈಲ್ ಡೇಟಾ ಮುಗಿದಂತೆ, ಅಷ್ಟೇ.

ಇಲ್ಲಿ ಹೆಚ್ಚಿನ ಮನೆಗಳು ಬೆಚ್ಚಗಾಗುವುದು ಗ್ಯಾಸ್‌ನಿಂದ. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ 2022ರಲ್ಲಿ ಅದರ ಬೆಲೆ ಕೈಗೆ ಸಿಗದಂತಾಯಿತು. ಸಾಮಾನ್ಯ ಮನೆಯೊಂದರ ವರ್ಷದ ಬಿಲ್, ನಿಯಂತ್ರಣ ಸಂಸ್ಥೆ ಆಫ್‌ಜೆಮ್‌ನ ದರಮಿತಿಯಂತೆ, 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇದ್ದದ್ದು ಒಂದೇ ವರ್ಷದಲ್ಲಿ 3,549ಕ್ಕೆ ಏರಬೇಕಿತ್ತು. ಸರ್ಕಾರ ನಡುವೆ ಬಂದು 2,500ರ ಆಸುಪಾಸಿನಲ್ಲಿ ತಡೆಯಿತು. ಜೊತೆಗೆ ಮನೆಗೆ 400 ಪೌಂಡ್ ಕೊಟ್ಟಿತು. ಬಂಗಲೆಗೂ ಅಷ್ಟೇ, ಒಂಟಿ ಕೋಣೆಗೂ ಅಷ್ಟೇ.

ಬಡವರಿಗೆ ಮಾತ್ರ ಕೊಟ್ಟರೆ ಸಾಲದೇ ಎಂದು ನಾನೂ ವಾದಿಸುತ್ತಿದ್ದೆ. 2024ರಲ್ಲಿ ಅದನ್ನೂ ಮಾಡಿ ನೋಡಿದರು. ಹಿರಿಯರ ಚಳಿಗಾಲದ ಇಂಧನ ಭತ್ಯೆಯನ್ನು, ಮುಖ್ಯವಾಗಿ, ಕಡಿಮೆ ಆದಾಯದ ಪಿಂಚಣಿದಾರರಿಗೆ ಸಿಗುವ ‘ಪೆನ್ಷನ್ ಕ್ರೆಡಿಟ್’ ಪಡೆಯುವವರಿಗಷ್ಟೇ ಸೀಮಿತಗೊಳಿಸಿದರು. ಆದರೆ ಅರ್ಹತೆಯಿದ್ದೂ ಅದಕ್ಕೆ ಅರ್ಜಿಯನ್ನೇ ಹಾಕದ ಹಿರಿಯರು ಲಕ್ಷಗಟ್ಟಲೆ ಇದ್ದರು. ಜನ ಸಿಟ್ಟಾದರು. ಮರುವರ್ಷ ಇಂಗ್ಲೆಂಡ್, ವೇಲ್ಸ್‌ನಲ್ಲಿ 35,000 ಪೌಂಡ್‌ವರೆಗೆ ಆದಾಯವಿರುವವರಿಗೆಲ್ಲ ಭತ್ಯೆ ಮರಳಿತು. ಅರ್ಜಿ ನಮೂನೆ ಬಡವರನ್ನು ಹುಡುಕುವುದಿಲ್ಲ, ಬಡವರೇ ಅದನ್ನು ಹುಡುಕಿಕೊಂಡು ಹೋಗಬೇಕು. ರೇಷನ್ ಕಾರ್ಡಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪಕ್ಕದಲ್ಲಿ ಚಿಕ್ಕ ಮಗುವಿನ ತಾಯಿಯೊಬ್ಬರಿದ್ದಾರೆ. ಅವರ ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿದೆ. ಕಡಿಮೆ ಆದಾಯದ ಮನೆಗಳಿಗೆ ಸಿಗುವ 150 ಪೌಂಡ್ ರಿಯಾಯಿತಿಗೆ ಬಿಲ್‌ನಲ್ಲಿ ಹೆಸರಿರಬೇಕು, ಹಾಗಾಗಿ ಅವರಿಗೆ ಸಿಗಲಿಲ್ಲ. ನಮ್ಮ ಗೃಹಜ್ಯೋತಿಯಲ್ಲಿ ಬಾಡಿಗೆದಾರರನ್ನೂ ಸೇರಿಸಿದ್ದು ಎಷ್ಟು ದೊಡ್ಡ ವಿಷಯ ಎಂದು ಇಲ್ಲಿ ಬಂದ ಮೇಲೆ ಹೊಳೆಯಿತು.

ಪ್ರೀಪೇಯ್ಡ್ ಮೀಟರ್‌ನದು ಇನ್ನೊಂದು ಕಥೆ. ಬಾಕಿ ಉಳಿಸಿಕೊಂಡವರ ಮನೆಗೆ ಕೋರ್ಟ್ ವಾರಂಟ್ ತಂದು ಬಲವಂತವಾಗಿ ಅದನ್ನು ಕೂರಿಸುವುದಿತ್ತು. ಪತ್ರಿಕೆಯೊಂದು ಇದನ್ನು ಬಯಲಿಗೆಳೆದ ಮೇಲೆ 2023ರ ಫೆಬ್ರುವರಿಯಲ್ಲಿ ತಡೆ ಬಿತ್ತು. ನಂತರ ಕಟ್ಟುಪಾಡುಗಳೊಂದಿಗೆ ಮತ್ತೆ ಅವಕಾಶ ಕೊಟ್ಟರು. ಈ ಮೀಟರ್ ಇದ್ದರೆ ಕಂಪನಿ ಯಾರ ಸಂಪರ್ಕವನ್ನೂ ಕಡಿಯಬೇಕಿಲ್ಲ. ಕಾಸಿಲ್ಲದವರು ತಾವೇ ಕತ್ತಲಲ್ಲಿ, ಚಳಿಯಲ್ಲಿ ಕೂರುತ್ತಾರೆ. ಕಡಿತದ ಲೆಕ್ಕಕ್ಕೂ ಅವರು ಸಿಗುವುದಿಲ್ಲ.

ಇಷ್ಟೆಲ್ಲ ಕೊಟ್ಟ ಹಣ ಹೋಗುವುದೆಲ್ಲಿಗೆ? ನಮ್ಮದು ಶತಮಾನ ದಾಟಿದ ಇಟ್ಟಿಗೆ ಮನೆ. ಶಾಖ ತಡೆಯುವ ಪದರವಿಲ್ಲದ ಗೋಡೆ, ಸಂದು ಬಿಟ್ಟ ಕಿಟಕಿ. ಹತ್ತು ಪೌಂಡಿನ ಬಿಸಿಯಲ್ಲಿ ಒಂದು ಪಾಲು ಬೀದಿಗೇ. ಗೋಡೆ ಸರಿಪಡಿಸಬೇಕಾದವರು ಮಾಲೀಕರು, ಬಿಲ್ ಕಟ್ಟುವವರು ನಾವು. ಅವರಿಗೇನು ಅವಸರ? ಬಾಡಿಗೆ ಮನೆಗೆ ಕನಿಷ್ಠ ‘ಇ’ ದರ್ಜೆಯ ಇಂಧನ ದಕ್ಷತೆ ಇರಬೇಕೆಂಬ ನಿಯಮ ಇಲ್ಲಿದೆ. ‘ಎ’ಯಿಂದ ‘ಜಿ’ವರೆಗಿನ ಸಾಲಿನಲ್ಲಿ ‘ಇ’ ಎಂದರೆ ಹೆಚ್ಚುಕಡಿಮೆ ಜಸ್ಟ್ ಪಾಸ್. ನಮ್ಮ ಮನೆಯೂ ಪಾಸಾಗಿದೆ. ಮಲಗುವಾಗ ಟೊಪ್ಪಿಗೆ ಹಾಕಿಕೊಳ್ಳುತ್ತೇವೆ.